ಕಸಿ ಕಿಡ್ನಿಗೆ ಇನ್ನೊಂದು ಜಾಗ

'ಮನುಷ್ಯನ ವಿಸರ್ಜನಾಂಗವ್ಯೂಹದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ.' ಹೈಸ್ಕೂಲು ದಾಟಿದವರೆಲ್ಲ ಒಮ್ಮೆಯಾದರೂ ಉತ್ತರಿಸಿರುವ ಪ್ರಶ್ನೆ ಇದು. ಬೆನ್ನುಮೂಳೆಯ ಎರಡು ಪಕ್ಕಗಳಲ್ಲಿ ಅವರೆಬೀಜದ ಆಕಾರದ ಎರಡು ಮೂತ್ರಪಿಂಡಗಳು, ಬಲಗಡೆಯದು ಎಡಗಡೆಯದಕ್ಕಿಂತ ತುಸು ಕೆಳಗೆ, ಅವುಗಳಿಂದ ಇಳಿಬಿದ್ದ ಎರಡು ಮೂತ್ರನಾಳಗಳು, ತಳದಲ್ಲಿ ಮೂತ್ರಕೋಶ. ಪೆನ್ಸಿಲು ಚೂಪಾಗಿದ್ದರೆ ಐದು ನಿಮಿಷದ ಕೆಲಸ.

ಈಗ ಅದೇ ಪ್ರಶ್ನೆಯನ್ನು ಸ್ವಲ್ಪ ಬದಲಿಸೋಣ. ಕಿಡ್ನಿ ಕಸಿ ಮಾಡಿಸಿಕೊಂಡವರ ಚಿತ್ರ ಬರೆಯಿರಿ. ಹೆಚ್ಚಿನವರು ಏನು ಮಾಡುತ್ತಾರೆ? ಕೆಟ್ಟುಹೋದ ಕಿಡ್ನಿಯನ್ನು ರಬ್ಬರಿನಿಂದ ಅಳಿಸಿ ಅದೇ ಜಾಗದಲ್ಲಿ ಹೊಸದೊಂದನ್ನು ಬರೆಯುತ್ತಾರೆ. ಹಾಗೆ ಬರೆದವರಿಗೆ ಸಾಮಾನ್ಯವಾಗಿ ಸೊನ್ನೆ! ಏಕೆಂದರೆ ಕಸಿ ಮಾಡುವಾಗ ಹಳೆಯ ಎರಡು ಕಿಡ್ನಿಗಳನ್ನು ಬಹುಮಟ್ಟಿಗೆ ಇದ್ದಲ್ಲಿಯೇ ಬಿಡುತ್ತಾರೆ. ಹೊಸ ಕಿಡ್ನಿ ಕೂರುವುದು ಕೆಳಹೊಟ್ಟೆಯಲ್ಲಿ, ಸೊಂಟದ ಮೂಳೆಯ ಒಳಮೈಗೆ ಒರಗಿಕೊಂಡಂತೆ. ಚಿತ್ರದಲ್ಲಿ ಎರಡಲ್ಲ, ಮೂರು ಕಿಡ್ನಿಗಳಿರಬೇಕು.

ಆದರೆ ಕೆಲವೇ ಕೆಲವು ರೋಗಿಗಳ ವಿಷಯದಲ್ಲಿ ಎಡಗಡೆಯದನ್ನು ಅಳಿಸಿ ಅಲ್ಲಿಯೇ ಹೊಸದನ್ನು ಬರೆದ ವಿದ್ಯಾರ್ಥಿಗೆ ಪೂರ್ತಿ ಅಂಕ ಕೊಡಬೇಕಾಗುತ್ತದೆ. ಕೆಳಹೊಟ್ಟೆಯ ರಕ್ತನಾಳಗಳು ಕಸಿಗೆ ಒದಗದೆ ಹೋದವರು ಇವರು. 'ನಿಮಗೆ ಕಸಿ ಆಗುವುದಿಲ್ಲ' ಎಂಬ ಮಾತು ಕೇಳಿ ವಾಪಸು ಬಂದವರೂ ಇವರಲ್ಲಿದ್ದಾರೆ. ಅಂಥವರಿಗಾಗಿ ಶಸ್ತ್ರವೈದ್ಯರು ಕಂಡುಕೊಂಡ ಇನ್ನೊಂದು ದಾರಿಯ ಕಥೆ ಇಲ್ಲಿದೆ.

ಕೆಳಹೊಟ್ಟೆಯೇ ಏಕೆ?

ನಮ್ಮ ಕಿಡ್ನಿಗಳು ಒಂದೊಂದೂ ಸುಮಾರು 150 ಗ್ರಾಂ ತೂಗುತ್ತವೆ. ಇಷ್ಟು ಚಿಕ್ಕ ಅಂಗಗಳಿಗೆ ಹೃದಯ ಪಂಪು ಮಾಡುವ ರಕ್ತದ ಐದನೆಯ ಒಂದು ಪಾಲು, ಅಂದರೆ ನಿಮಿಷಕ್ಕೆ ಒಂದು ಲೀಟರಿಗೂ ಹೆಚ್ಚು ರಕ್ತ ಹರಿಯುತ್ತದೆ. ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸಿ, ಬೇಕಾದದ್ದನ್ನೆಲ್ಲ ಮರಳಿ ರಕ್ತಕ್ಕೆ ಸೇರಿಸಿ, ಕೊನೆಗೆ ಒಂದೂವರೆ ಲೀಟರಿನಷ್ಟನ್ನು ಮೂತ್ರವಾಗಿ ಹೊರಗೆ ಕಳಿಸುವ ಜಾಣ್ಮೆ ಇವುಗಳದು. ವಾರದಲ್ಲಿರುವ 168 ಗಂಟೆಯೂ ಇವಕ್ಕೆ ಬಿಡುವಿಲ್ಲ. ಎರಡೂ ಸೋತಾಗ ನೆರವಿಗೆ ಬರುವ ಡಯಾಲಿಸಿಸ್ ಯಂತ್ರ ಇದೇ ಕೆಲಸವನ್ನು ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಗಂಟೆಯಂತೆ, 12 ಗಂಟೆಗಳಲ್ಲಿ ಮಾಡಿ ಮುಗಿಸಬೇಕು. ಯಂತ್ರ ಜೀವ ಉಳಿಸುತ್ತದೆ, ನಿಜ. ಆದರೆ ಕಿಡ್ನಿಗೆ ಅದು ಸಮನಲ್ಲ ಎಂಬುದಕ್ಕೆ ಈ ಲೆಕ್ಕವೇ ಸಾಕು.

ಹೊಸ ಕಿಡ್ನಿ ಕೆಲಸ ಮಾಡಬೇಕಾದರೆ ಮೂರು ಜೋಡಣೆಗಳು ಆಗಬೇಕು. ಶುದ್ಧ ರಕ್ತ ತರುವ ಅಪಧಮನಿ ಒಂದು, ರಕ್ತವನ್ನು ಹಿಂದಕ್ಕೆ ಒಯ್ಯುವ ಅಭಿಧಮನಿ ಇನ್ನೊಂದು, ಮೂತ್ರ ಹರಿದು ಹೋಗುವ ಕೊಳವೆ ಮೂರನೆಯದು. ತೋಟಕ್ಕೆ ನೀರು ಬರುವ ಕಾಲುವೆ, ನೀರು ಬಸಿದು ಹೋಗುವ ಕಾಲುವೆ ಎರಡೂ ಸರಿಯಿದ್ದರೆ ಗಿಡವನ್ನು ಯಾವ ಪಾತಿಯಲ್ಲಿ ನೆಟ್ಟರೂ ಚಿಗುರುತ್ತದೆ. ಕಿಡ್ನಿಯೂ ಹಾಗೆಯೇ. ಅದಕ್ಕೆ ಇಂಥದೇ ಜಾಗ ಬೇಕೆಂಬ ಹಟವಿಲ್ಲ.

ಕೆಳಹೊಟ್ಟೆಯಲ್ಲಿ ಈ ಮೂರೂ ಅನುಕೂಲಗಳು ಕೈಗೆಟುಕುವಷ್ಟು ಹತ್ತಿರ ಇವೆ. ಹೃದಯದಿಂದ ಹೊರಟ ಮಹಾಪಧಮನಿ ಹೆಚ್ಚುಕಡಿಮೆ ಹೊಕ್ಕುಳಿನ ಮಟ್ಟದಲ್ಲಿ ಎರಡಾಗಿ ಕವಲೊಡೆಯುತ್ತದೆ. ಈ ಕವಲುಗಳಿಗೆ ಇಲಿಯಾಕ್ ಅಪಧಮನಿಗಳೆಂದು ಹೆಸರು. ಕಾಲುಗಳಿಗೆ ರಕ್ತ ಹೋಗುವುದು ಇವುಗಳ ಮೂಲಕ. ಪಕ್ಕದಲ್ಲಿಯೇ ಇಲಿಯಾಕ್ ಅಭಿಧಮನಿಗಳಿವೆ. ಕರುಳುಗಳಿರುವ ಚೀಲವನ್ನು ಬಿಚ್ಚದೆಯೇ, ಅದನ್ನು ಪಕ್ಕಕ್ಕೆ ಸರಿಸಿ ಇವನ್ನು ತಲುಪಬಹುದು. ಮೂತ್ರಕೋಶವೂ ಅಲ್ಲೇ ಇರುವುದರಿಂದ ಗಿಡ್ಡ ಮೂತ್ರನಾಳ ಸಾಕು. ಕಿಡ್ನಿ ಚರ್ಮದ ಹತ್ತಿರವೇ ಇರುವುದರಿಂದ ಮುಂದೆ ಸ್ಕ್ಯಾನ್ ಮಾಡುವುದು, ಸೂಜಿ ಹಾಕಿ ಚೂರು ತೆಗೆದು ಪರೀಕ್ಷಿಸುವುದು ಎಲ್ಲವೂ ಸುಲಭ. ಇಷ್ಟೆಲ್ಲ ಸೌಕರ್ಯವಿರುವಾಗ ಬೇರೆ ಕಡೆ ಹೋಗುವುದೇಕೆ?

ಕುತ್ತಿಗೆಯಿಂದ ತೊಡೆಯವರೆಗೆ

ಆದರೆ ಈ ಜಾಗ ಮೊದಲ ದಿನವೇ ಹೊಳೆದದ್ದಲ್ಲ. ಕಸಿ ಕಿಡ್ನಿ ಅರ್ಧ ಶತಮಾನ ಕಾಲ ದೇಹದ ತುಂಬ ಅಲೆದಾಡಿದೆ.

1894ರಲ್ಲಿ ಫ್ರಾನ್ಸಿನ ಲಿಯೋನ್ ನಗರದಲ್ಲಿ ಅಲ್ಲಿನ ಅಧ್ಯಕ್ಷ ಸಾದಿ ಕಾರ್ನೋ ಅವರನ್ನು ಹಂತಕನೊಬ್ಬ ಚೂರಿಯಿಂದ ಇರಿದ. ಹೊಟ್ಟೆಯೊಳಗಿನ ದೊಡ್ಡ ರಕ್ತನಾಳವೊಂದು ಕತ್ತರಿಸಿತ್ತು. ಅದನ್ನು ಹೊಲಿಯುವ ವಿದ್ಯೆ ಅಂದಿನ ವೈದ್ಯರಿಗೆ ಗೊತ್ತಿರಲಿಲ್ಲ, ಅಧ್ಯಕ್ಷರು ಉಳಿಯಲಿಲ್ಲ. ಅದೇ ಊರಿನಲ್ಲಿ ವೈದ್ಯಕೀಯ ಕಲಿಯುತ್ತಿದ್ದ ಅಲೆಕ್ಸಿ ಕರೆಲ್ ಎಂಬ ತರುಣ ಈ ಸಾವನ್ನು ಮನಸ್ಸಿಗೆ ಹಚ್ಚಿಕೊಂಡ. ರೇಷ್ಮೆಯ ನೇಯ್ಗೆಗೆ ಹೆಸರಾದ ಲಿಯೋನಿನ ಕಸೂತಿಗಾರ್ತಿಯೊಬ್ಬಳ ಬಳಿ ಹೋಗಿ ಸಪೂರ ಸೂಜಿ, ನವಿರು ದಾರಗಳ ಕೆಲಸ ಕಲಿತ. 1902ರ ಹೊತ್ತಿಗೆ ರಕ್ತನಾಳಗಳ ಬಾಯಿಗೆ ಬಾಯಿ ಸೇರಿಸಿ ಸೋರದಂತೆ ಹೊಲಿಯುವ ಕ್ರಮವನ್ನು ರೂಪಿಸಿದ. 1912ರಲ್ಲಿ ಆತನಿಗೆ ನೊಬೆಲ್ ಬಹುಮಾನ ಬಂತು. ಕಸೂತಿಯ ಸೂಜಿಯಿಂದ ಕಲಿತ ವಿದ್ಯೆಯೇ ಇಂದಿನ ಎಲ್ಲ ಅಂಗ ಕಸಿಗಳಿಗೂ ಬುನಾದಿ.

ಅದೇ ಕಾಲಕ್ಕೆ ಪ್ರಯೋಗಗಳೂ ಶುರುವಾದವು. 1902ರಲ್ಲಿ ವಿಯೆನ್ನಾದ ಎಮೆರಿಕ್ ಉಲ್ಮಾನ್ ನಾಯಿಯೊಂದರ ಕಿಡ್ನಿಯನ್ನು ಅದರ ಕುತ್ತಿಗೆಗೆ ಜೋಡಿಸಿ ಮೂತ್ರ ಹನಿಯುವುದನ್ನು ತೋರಿಸಿದರು. 1906ರಲ್ಲಿ ಲಿಯೋನಿನ ಮಾಥ್ಯೂ ಜಾಬುಲೇ ಹಂದಿ ಮತ್ತು ಮೇಕೆಯ ಕಿಡ್ನಿಗಳನ್ನು ಮನುಷ್ಯರಿಗೆ ಜೋಡಿಸಿ ನೋಡಿದರು, ಅವು ನಿಲ್ಲಲಿಲ್ಲ. 1933ರಲ್ಲಿ ಉಕ್ರೇನಿನ ಖೆರ್ಸೋನ್‌ನಲ್ಲಿ ಯೂರಿ ವೊರೊನೋಯ್ ಮೃತ ವ್ಯಕ್ತಿಯೊಬ್ಬರ ಕಿಡ್ನಿಯನ್ನು ಪಾದರಸದ ವಿಷ ಏರಿದ್ದ ಮಹಿಳೆಯೊಬ್ಬರ ತೊಡೆಯ ರಕ್ತನಾಳಗಳಿಗೆ ಜೋಡಿಸಿದರು. ಮನುಷ್ಯನಿಂದ ಮನುಷ್ಯನಿಗೆ ನಡೆದ ಮೊದಲ ಕಿಡ್ನಿ ಕಸಿ ಅದು. ರೋಗಿ ಎರಡು ದಿನ ಬದುಕಿದ್ದರು.

1950ರಲ್ಲಿ ಅಮೆರಿಕದ ಶಿಕಾಗೊ ಬಳಿ ರಿಚರ್ಡ್ ಲಾಲರ್ ಎಂಬ ಶಸ್ತ್ರವೈದ್ಯರು ರೂತ್ ಟಕರ್ ಎಂಬ ಮಹಿಳೆಯ ಕೆಟ್ಟ ಕಿಡ್ನಿಯನ್ನು ತೆಗೆದು, ಅದರ ಜಾಗದಲ್ಲಿಯೇ ಹೊಸದನ್ನು ಇಟ್ಟರು. ಪರಕೀಯ ಅಂಗವನ್ನು ದೇಹ ತಿರಸ್ಕರಿಸದಂತೆ ತಡೆಯುವ ಔಷಧಿ ಆಗ ಇರಲಿಲ್ಲ. ತಿಂಗಳುಗಳು ಕಳೆಯುವುದರಲ್ಲಿ ಕಿಡ್ನಿ ಸುರುಟಿಹೋಗಿ ಅದನ್ನು ತೆಗೆಯಬೇಕಾಯಿತು. ಅಂಗದ ಸ್ವಂತ ಸ್ಥಾನದಲ್ಲಿಯೇ ನಡೆದ ಕಸಿ ಅದು ಎಂಬುದನ್ನು ಓದುಗರು ಗಮನಿಸಬೇಕು. ಮುಂದೆ ಈ ಮಾತು ಬೇಕಾಗುತ್ತದೆ.

ಮರು ವರ್ಷವೇ, 1951ರಲ್ಲಿ, ಪ್ಯಾರಿಸ್ಸಿನ ರೆನೆ ಕ್ಯೂಸ್ ಮತ್ತು ಅವರ ಸಮಕಾಲೀನರು ಕೆಳಹೊಟ್ಟೆಯ ಕ್ರಮವನ್ನು ರೂಢಿಗೆ ತಂದರು. 1954ರ ಡಿಸೆಂಬರ್ 23ರಂದು ಬಾಸ್ಟನ್‌ನಲ್ಲಿ ಜೋಸೆಫ್ ಮರ್ರೆ ಅವಳಿ ಸೋದರರಾದ ರೊನಾಲ್ಡ್ ಮತ್ತು ರಿಚರ್ಡ್ ಹೆರಿಕ್ ಅವರಲ್ಲಿ ಒಬ್ಬನ ಕಿಡ್ನಿಯನ್ನು ಇನ್ನೊಬ್ಬನಿಗೆ ಇದೇ ಜಾಗದಲ್ಲಿ ಕಸಿ ಮಾಡಿದರು. ತದ್ರೂಪಿ ಅವಳಿಗಳಾದ್ದರಿಂದ ದೇಹ ಅದನ್ನು ತಿರಸ್ಕರಿಸಲಿಲ್ಲ. ರಿಚರ್ಡ್ ಎಂಟು ವರ್ಷ ಬದುಕಿದ. ಮರ್ರೆ ಅವರಿಗೆ 1990ರಲ್ಲಿ ನೊಬೆಲ್ ಬಂತು. ಅಲ್ಲಿಂದಾಚೆಗೆ ಕೆಳಹೊಟ್ಟೆಯೇ ಕಸಿ ಕಿಡ್ನಿಯ ಖಾಯಂ ವಿಳಾಸವಾಯಿತು. ನಮ್ಮ ದೇಶದ ಮೊದಲ ಯಶಸ್ವಿ ಕಸಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ 1971ರಲ್ಲಿ ನಡೆಯಿತು.

ಬಾಗಿಲು ಮುಚ್ಚಿದಾಗ

ಕಸಿ ಯಶಸ್ವಿಯಾದಂತೆ ಹೊಸ ಬಗೆಯ ರೋಗಿಗಳು ಬರತೊಡಗಿದರು. ಮೊದಲಿನ ದಿನಗಳಲ್ಲಿ ಕಸಿಗೆ ಆಯ್ಕೆಯಾಗುತ್ತಿದ್ದವರು ಬಹುಪಾಲು ಎಳೆಯರು, ಬೇರೆ ಕಾಯಿಲೆ ಇಲ್ಲದವರು. ಈಗ ಹತ್ತಾರು ವರ್ಷ ಸಕ್ಕರೆ ಕಾಯಿಲೆ ಅನುಭವಿಸಿದವರು, ವರ್ಷಗಟ್ಟಲೆ ಡಯಾಲಿಸಿಸ್‌ನಲ್ಲಿರುವವರು, ಅರವತ್ತು ದಾಟಿದವರು, ಒಂದೆರಡು ಸಲ ಕಸಿಯಾಗಿ ಅದು ಸೋತವರು ಎಲ್ಲರೂ ಬರುತ್ತಾರೆ. ಇವರಲ್ಲಿ ಕೆಲವರ ಇಲಿಯಾಕ್ ರಕ್ತನಾಳಗಳು ಕೆಲಸಕ್ಕೆ ಬಾರದಂತಾಗಿರುತ್ತವೆ.

ಬೋರ್‌ವೆಲ್‌ನ ಗಡಸು ನೀರು ಹರಿದ ಹಳೆಯ ಪೈಪನ್ನು ಕತ್ತರಿಸಿ ನೋಡಿದವರಿಗೆ ಒಳಗೆ ಕಟ್ಟಿಕೊಂಡ ಬಿಳಿಯ ಸುಣ್ಣದ ಪೊರೆ ಗೊತ್ತಿರುತ್ತದೆ. ಅಪಧಮನಿಗಳಲ್ಲೂ ಇಂಥದೇ ಪಾಡು. ಬೀಡಿ ಸಿಗರೇಟು, ಸಕ್ಕರೆ ಕಾಯಿಲೆ, ರಕ್ತದ ಏರೊತ್ತಡ, ಕೊಬ್ಬು ಇವೆಲ್ಲ ಸೇರಿ ನಾಳದ ಗೋಡೆಯನ್ನು ದಪ್ಪವಾಗಿಸುತ್ತವೆ. ಕಿಡ್ನಿ ಸೋತವರಲ್ಲಿ ಇದರ ಜೊತೆಗೆ ಇನ್ನೊಂದು ತೊಡಕು. ಹೊರಗೆ ಹೋಗಬೇಕಾದ ರಂಜಕದ ಅಂಶ ರಕ್ತದಲ್ಲಿ ಉಳಿದು, ಸುಣ್ಣದೊಂದಿಗೆ ಸೇರಿ ನಾಳದ ಗೋಡೆಯೊಳಗೆ ಗಟ್ಟಿಯಾಗಿ ಕೂರುತ್ತದೆ. ಅಂಥ ನಾಳಕ್ಕೆ ಸೂಜಿ ಇಳಿಯುವುದಿಲ್ಲ. ಚಿಮುಟ ಹಾಕಿ ಅದುಮಿದರೆ ಮುಚ್ಚಿಕೊಳ್ಳುವ ಬದಲು ಒಡೆಯಬಹುದು. ಹೇಗೋ ಹೊಲಿದರೂ ಕಿರಿದಾದ ನಾಳದಲ್ಲಿ ಬರುವ ಅಲ್ಪ ರಕ್ತವನ್ನು ಕಿಡ್ನಿಯೇ ಎಳೆದುಕೊಂಡರೆ ಕಾಲಿನ ಗತಿಯೇನು?

ಅಭಿಧಮನಿಗಳ ಕಥೆ ಬೇರೆ. ತುರ್ತಾಗಿ ಡಯಾಲಿಸಿಸ್ ಮಾಡಬೇಕಾದಾಗ ತೊಡೆಸಂದಿನ ಅಭಿಧಮನಿಗೆ ನಳಿಕೆ ಹಾಕುವುದುಂಟು. ಅದು ಬಹಳ ದಿನ ಉಳಿದರೆ, ಪದೇ ಪದೇ ಹಾಕಿದರೆ, ರಕ್ತ ಹೆಪ್ಪುಗಟ್ಟಿ ಮೇಲಿನ ಇಲಿಯಾಕ್ ಅಭಿಧಮನಿಯೂ ಮುಚ್ಚಿಹೋಗಬಹುದು. ಇನ್ನು ಎರಡೂ ಪಕ್ಕಗಳಲ್ಲಿ ಒಂದೊಂದು ಕಸಿ ಆಗಿ ಹೋಗಿದ್ದರೆ ಅಲ್ಲೆಲ್ಲ ಹಳೆಯ ಗಾಯದ ಕಲೆ ಅಂಟಿಕೊಂಡು ನಾಳಗಳನ್ನು ಬಿಡಿಸುವುದೇ ಕಷ್ಟವಾಗುತ್ತದೆ.

ಹಾಗಾದರೆ ಮುಂದೇನು? ದಾನಿ ಸಿದ್ಧ, ರಕ್ತದ ಗುಂಪು ಹೊಂದಿದೆ, ಹೃದಯ ತಡೆದುಕೊಳ್ಳುತ್ತದೆ, ಆದರೆ ಕಿಡ್ನಿಯನ್ನು ಜೋಡಿಸಲು ಜಾಗವಿಲ್ಲ!

ಬಾರ್ಸಿಲೋನಾದ ದಾರಿ

ಸ್ಪೇನಿನ ಬಾರ್ಸಿಲೋನಾ ನಗರದ ಹಾಸ್ಪಿಟಲ್ ಕ್ಲಿನಿಕ್‌ನಲ್ಲಿ ಈ ಪ್ರಶ್ನೆಗೆ ಉತ್ತರ ಹುಡುಕಿದವರು ಮೂತ್ರಾಂಗ ಶಸ್ತ್ರವೈದ್ಯ ಜೋಸೆಪ್ ಮರಿಯಾ ಜಿಲ್ ವೆರ್ನೆಟ್. 1965ರಲ್ಲಿ ಆಂಟೋನಿ ಕರಾಲ್ಪ್ಸ್ ಅವರೊಂದಿಗೆ ಸ್ಪೇನಿನಲ್ಲಿ ಕಿಡ್ನಿ ಕಸಿಗೆ ನಾಂದಿ ಹಾಡಿದವರು ಇವರೇ. ಕಿಡ್ನಿಯೊಳಗೆ ಕವಲು ಕವಲಾಗಿ ಬೆಳೆದ ದೊಡ್ಡ ಕಲ್ಲುಗಳನ್ನು, ಕಿಡ್ನಿಯ ತಿರುಳನ್ನು ಕೊಯ್ಯದೆಯೇ, ಮೂತ್ರ ಬಂದು ಸೇರುವ ಆಲಿಕೆಯಾಕಾರದ ಭಾಗವನ್ನು ತೆರೆದು ತೆಗೆಯುವ ವಿಧಾನಕ್ಕೂ ಇವರ ಹೆಸರಿದೆ. ಆ ಮೂಲೆಯ ಅಂಗರಚನೆ ಇವರಿಗೆ ಅಂಗೈ ರೇಖೆಯಷ್ಟು ಪರಿಚಿತ.

1978ರಿಂದ ಇವರು ಕಿಡ್ನಿಯನ್ನು ಮತ್ತೆ ಅದರ ಸ್ವಂತ ಸ್ಥಾನದಲ್ಲಿಯೇ ಕಸಿ ಮಾಡತೊಡಗಿದರು. ವೈದ್ಯರು ಇದನ್ನು 'ಆರ್ಥೊಟೊಪಿಕ್' ಕಸಿ ಎನ್ನುತ್ತಾರೆ. ನಾವು ಸ್ವಸ್ಥಾನ ಕಸಿ ಎನ್ನೋಣ. ಲಾಲರ್ 1950ರಲ್ಲಿ ಹಿಡಿದು, ಎಲ್ಲರೂ ಬಿಟ್ಟುಬಿಟ್ಟಿದ್ದ ಜಾಗವೇ ಇದು. ವ್ಯತ್ಯಾಸವೇನೆಂದರೆ ಇಪ್ಪತ್ತೆಂಟು ವರ್ಷಗಳಲ್ಲಿ ತಿರಸ್ಕಾರ ತಡೆಯುವ ಔಷಧಿಗಳು ಬಂದಿದ್ದವು. ಹೊಲಿಗೆಯ ಕೌಶಲ ಬೆಳೆದಿತ್ತು. ಲಾಲರ್ ಅವರ ಕಸಿ ಸೋತದ್ದಕ್ಕೆ ಜಾಗವೇ ಕಾರಣ ಎನ್ನುವಂತಿರಲಿಲ್ಲ.

ಶಸ್ತ್ರಕ್ರಿಯೆಯ ಕ್ರಮ ಹೀಗಿದೆ. ರೋಗಿಯನ್ನು ಬಲಮಗ್ಗುಲಾಗಿ ಮಲಗಿಸಿ, ಎಡಪಕ್ಕೆಯ ಕೊನೆಯ ಎಲುಬುಗಳ ಬಳಿ ಕೊಯ್ಯುತ್ತಾರೆ. ರೋಗಿಯ ಸೋತ ಎಡ ಕಿಡ್ನಿಯನ್ನು ಹೊರತೆಗೆಯುತ್ತಾರೆ. ಆದರೆ ಅದರ ಅಭಿಧಮನಿಯನ್ನೂ ಮೂತ್ರ ಹರಿಯುವ ಆಲಿಕೆ, ನಾಳಗಳನ್ನೂ ಜೋಪಾನವಾಗಿ ಉಳಿಸಿಕೊಳ್ಳುತ್ತಾರೆ. ಆ ಖಾಲಿ ಜಾಗದಲ್ಲಿ ದಾನಿಯ ಕಿಡ್ನಿಯನ್ನಿಟ್ಟು, ಅದರ ಅಭಿಧಮನಿಯನ್ನು ಹಳೆಯ ಕಿಡ್ನಿಯ ಅಭಿಧಮನಿಗೆ ಹೊಲಿಯುತ್ತಾರೆ. ಮೂತ್ರದ ಆಲಿಕೆಯನ್ನು ಹಳೆಯ ಆಲಿಕೆಗೋ ಮೂತ್ರನಾಳಕ್ಕೋ ಸೇರಿಸುತ್ತಾರೆ. ಹೊಸ ಕಿಡ್ನಿಯ ಮೂತ್ರ ರೋಗಿಯದೇ ಮೂತ್ರನಾಳದಲ್ಲಿ ಇಳಿದು, ನಿಸರ್ಗ ಕಟ್ಟಿಕೊಟ್ಟ ಬಾಗಿಲಿನಿಂದಲೇ ಮೂತ್ರಕೋಶಕ್ಕೆ ಹೋಗುತ್ತದೆ.

ಉಳಿದದ್ದು ರಕ್ತ ತರುವ ಅಪಧಮನಿ. ಹಳೆಯ ಕಿಡ್ನಿಯ ಅಪಧಮನಿ ಚೆನ್ನಾಗಿದ್ದರೆ ಅದನ್ನೇ ಬಳಸಬಹುದು. ಆದರೆ ವರ್ಷಗಟ್ಟಲೆ ಸೋತ ಕಿಡ್ನಿಯ ನಾಳ ಸೊರಗಿರುವುದೇ ಹೆಚ್ಚು. ಇಲ್ಲಿಯೇ ಜಿಲ್ ವೆರ್ನೆಟ್ ಅವರ ಜಾಣ್ಮೆ ಕಾಣುವುದು. ಅವರು ನೆರೆಮನೆಯಿಂದ ನೀರು ತಂದರು! ಎಡ ಕಿಡ್ನಿಯ ಮೇಲ್ಗಡೆ ಗುಲ್ಮವಿದೆ. ಅದಕ್ಕೆ ರಕ್ತ ಒಯ್ಯುವ ಅಪಧಮನಿ ಸಾಕಷ್ಟು ದಪ್ಪ, ಸಾಕಷ್ಟು ಉದ್ದ, ಹಾವಿನಂತೆ ಸುತ್ತಿ ಸುತ್ತಿ ಹರಿಯುವಂಥದು. ಅದನ್ನು ಬಿಡಿಸಿ ನೆಟ್ಟಗೆ ಮಾಡಿ ಕೆಳಕ್ಕೆ ತಿರುಗಿಸಿದರೆ ಕಿಡ್ನಿಯವರೆಗೆ ಆರಾಮವಾಗಿ ಎಟುಕುತ್ತದೆ.

ಗುಲ್ಮದ ನೀರನ್ನು ಕಿಡ್ನಿಗೆ ತಿರುಗಿಸಿದರೆ ಗುಲ್ಮ ಒಣಗಿಹೋಗುವುದಿಲ್ಲವೇ? ಚುರುಕು ವಿದ್ಯಾರ್ಥಿಗಳು ಕೇಳಲೇಬೇಕಾದ ಪ್ರಶ್ನೆ. ಜಠರದ ಅಂಚಿನಿಂದ ಬರುವ ಹಲವು ಕಿರುನಾಳಗಳು ಗುಲ್ಮಕ್ಕೆ ಬೇರೆಯಾಗಿಯೇ ರಕ್ತ ಕೊಡುತ್ತವೆ. ಮುಖ್ಯ ಕಾಲುವೆ ನಿಂತರೂ ಈ ತೋಡುಗಳಿಂದ ಅದು ಸಾಮಾನ್ಯವಾಗಿ ಬದುಕಿಕೊಳ್ಳುತ್ತದೆ. ಹಾಗಾಗಿ ಗುಲ್ಮವನ್ನು ತೆಗೆಯಬೇಕಾದ ಪ್ರಸಂಗ ಅಪರೂಪ.

ಎಡಗಡೆಯೇ ಏಕೆ ಎಂಬುದಕ್ಕೂ ಅಂಗರಚನೆಯಲ್ಲಿಯೇ ಉತ್ತರವಿದೆ. ದೇಹದ ಕೆಳಭಾಗದ ರಕ್ತವನ್ನು ಹೃದಯಕ್ಕೆ ಒಯ್ಯುವ ದೊಡ್ಡ ಅಭಿಧಮನಿ ಬೆನ್ನುಮೂಳೆಯ ಬಲಕ್ಕಿದೆ. ಆದ್ದರಿಂದ ಬಲ ಕಿಡ್ನಿಯ ಅಭಿಧಮನಿ ಗಿಡ್ಡ, ಎಡ ಕಿಡ್ನಿಯದು ಮಹಾಪಧಮನಿಯ ಮುಂದಿನಿಂದ ಹಾದುಹೋಗುವಷ್ಟು ಉದ್ದ. ಹೊಲಿಯುವವರಿಗೆ ಉದ್ದ ಬಟ್ಟೆಯಿದ್ದರೆ ಅನುಕೂಲ ತಾನೇ? ಮೇಲಾಗಿ ಬಲಗಡೆ ಪಿತ್ತಜನಕಾಂಗ ಮತ್ತು ಸಣ್ಣಕರುಳಿನ ಮೊದಲ ಭಾಗ ಅಡ್ಡ ಕುಳಿತಿವೆ. ನೆರವಿಗೆ ಬರುವ ಗುಲ್ಮದ ಅಪಧಮನಿ ಇರುವುದು ಎಡಗಡೆಯಲ್ಲಿ.

1989ರಲ್ಲಿ ಜಿಲ್ ವೆರ್ನೆಟ್ ಮತ್ತು ಸಂಗಡಿಗರು ಸಾಲಾಗಿ 139 ಕಸಿಗಳ ಅನುಭವವನ್ನು ಅಮೆರಿಕದ ಮೂತ್ರಾಂಗ ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದರು. 2010ರಲ್ಲಿ ಅದೇ ಆಸ್ಪತ್ರೆಯ ಮುಂದಿನ ತಲೆಮಾರಿನ ವೈದ್ಯರು ಮೂರು ದಶಕಗಳಲ್ಲಿ ನಡೆದ ಇನ್ನೂರಕ್ಕೂ ಹೆಚ್ಚು ಕಸಿಗಳ ಲೆಕ್ಕವನ್ನು ಮುಂದಿಟ್ಟರು. ಕೆಳಹೊಟ್ಟೆಯಲ್ಲಿ ಕಸಿ ಸಾಧ್ಯವಾಗದ ಆಯ್ದ ರೋಗಿಗಳಿಗೆ ಇದು ಒಳ್ಳೆಯ ಪರ್ಯಾಯ ಎಂಬುದು ಅವರ ತೀರ್ಮಾನ.

ಸುಲಭದ ಮಾತಲ್ಲ

ಇಷ್ಟು ಒಳ್ಳೆಯ ದಾರಿಯಿದ್ದರೆ ಎಲ್ಲರಿಗೂ ಹೀಗೆಯೇ ಏಕೆ ಮಾಡಬಾರದು? ಇಲ್ಲಿ ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡಬೇಕು.

ಮೊದಲನೆಯದಾಗಿ, ಇದು ಹೆಚ್ಚು ದೊಡ್ಡ ಶಸ್ತ್ರಕ್ರಿಯೆ. ಒಂದು ಅಂಗವನ್ನು ತೆಗೆದು ಇನ್ನೊಂದನ್ನು ಇಡಬೇಕು. ಸೋತ ಕಿಡ್ನಿಯೂ ಕೆಲವರಲ್ಲಿ ದಿನಕ್ಕೆ ಅಷ್ಟಿಷ್ಟು ಮೂತ್ರ ಸುರಿಸುತ್ತಿರುತ್ತದೆ. ಅದನ್ನು ತೆಗೆದ ಮೇಲೆ ಕಸಿ ಕೈಕೊಟ್ಟರೆ ಆ ಅಷ್ಟಿಷ್ಟೂ ಇಲ್ಲ. ಎರಡನೆಯದಾಗಿ, ಗುಲ್ಮ, ಮೇದೋಜೀರಕ ಗ್ರಂಥಿ, ಕರುಳುಗಳ ನಡುವೆ ಕೈಯಾಡಿಸಬೇಕಾದ್ದರಿಂದ ಅಕ್ಕಪಕ್ಕದ ಅಂಗಕ್ಕೆ ಪೆಟ್ಟಾಗದಂತೆ ಎಚ್ಚರ ಬೇಕು. ಮೂರನೆಯದಾಗಿ, ಮೂತ್ರದ ಜೋಡಣೆ ಸೋರುವ, ಕಿರಿದಾಗುವ ಭಯವಿದೆ. ರೋಗಿಯ ಹಳೆಯ ಮೂತ್ರನಾಳ ಆರೋಗ್ಯವಾಗಿರಲೇಬೇಕು. ಕಡೆಯದಾಗಿ, ಕಿಡ್ನಿ ಆಳದಲ್ಲಿ ಕೂರುವುದರಿಂದ ಮುಂದೆ ಸೂಜಿಪರೀಕ್ಷೆ ಕೆಳಹೊಟ್ಟೆಯಲ್ಲಿದ್ದಷ್ಟು ಸಲೀಸಲ್ಲ.

ಇದೆಲ್ಲಕ್ಕಿಂತ ದೊಡ್ಡ ಮಾತು ಒಂದಿದೆ. ತಾಯಿ ಮಗನಿಗೆ ಕೊಡುವ ಕಿಡ್ನಿಯಾಗಲಿ, ಮೃತರ ಮನೆಯವರು ದುಃಖದ ನಡುವೆ ದಾನವಾಗಿ ಕೊಟ್ಟ ಕಿಡ್ನಿಯಾಗಲಿ, ಒಮ್ಮೆ ಮಾತ್ರ ಸಿಗುವಂಥದು. ಜೋಡಣೆಯಲ್ಲಿ ರಕ್ತ ಹೆಪ್ಪುಗಟ್ಟಿದರೆ ಅದು ಕೆಲವೇ ಗಂಟೆಗಳಲ್ಲಿ ಹಾಳಾಗಬಹುದು. ಕೊಟ್ಟವರ ತ್ಯಾಗವೂ ವ್ಯರ್ಥ, ಪಡೆದವರ ಆಸೆಯೂ ವ್ಯರ್ಥ. ನಾಳಗಳು ಕೆಟ್ಟಿರುವ ರೋಗಿಯ ಮುಂದೆ ಶಸ್ತ್ರವೈದ್ಯರು ಹಿಂದೆಮುಂದೆ ನೋಡುವುದು ಇದಕ್ಕಾಗಿ. ಅದನ್ನು ನಿರ್ದಯೆ ಎಂದು ತಿಳಿಯಬಾರದು.

ಸ್ವಸ್ಥಾನ ಕಸಿಯೊಂದೇ ಪರ್ಯಾಯವೂ ಅಲ್ಲ. ಇಲಿಯಾಕ್ ಅಪಧಮನಿಯ ಒಳಗಿನ ಪೊರೆಯನ್ನು ಸುಲಿದು ತೆಗೆಯುವುದು, ಕೆಟ್ಟ ಭಾಗಕ್ಕೆ ಕೃತಕ ನಾಳ ಹಾಕಿ ಅದಕ್ಕೇ ಕಿಡ್ನಿಯನ್ನು ಜೋಡಿಸುವುದು, ಇನ್ನೂ ಮೇಲೆ ಹೋಗಿ ಮಹಾಪಧಮನಿಗೇ ಹೊಲಿಯುವುದು, ಕರುಳಿನಿಂದ ಬರುವ ಅಭಿಧಮನಿಗಳನ್ನು ಬಳಸಿಕೊಳ್ಳುವುದು ಹೀಗೆ ಹಲವು ಉಪಾಯಗಳಿವೆ. ಯಾರಿಗೆ ಯಾವುದು ಎಂಬುದನ್ನು ನಿರ್ಧರಿಸಲು ಕಸಿಗೆ ಮೊದಲೇ ರಕ್ತನಾಳಗಳ ಸಿ.ಟಿ. ಸ್ಕ್ಯಾನ್, ಡಾಪ್ಲರ್ ಪರೀಕ್ಷೆ ನಡೆಯಬೇಕು. ಶಸ್ತ್ರಕ್ರಿಯೆಯ ಕೋಣೆಯಲ್ಲಿ ಹೊಟ್ಟೆ ತೆರೆದ ಮೇಲೆ ಗೊತ್ತಾಗುವುದಕ್ಕಿಂತ ಮೊದಲೇ ಗೊತ್ತಾದರೆ ಯೋಚಿಸಲು ಸಮಯವಿರುತ್ತದೆ.

ಪುಟ್ಟ ಮೈಗೆ ದೊಡ್ಡ ಕಿಡ್ನಿ

ಜಾಗದ ಪ್ರಶ್ನೆ ಇನ್ನೊಂದು ರೀತಿಯಲ್ಲಿ ಎದುರಾಗುವುದು ಎಳೆಯ ಮಕ್ಕಳಲ್ಲಿ. ಹನ್ನೆರಡು ಹದಿಮೂರು ಕೆ.ಜಿ. ತೂಗುವ ಮಗುವಿಗೆ ಅಪ್ಪನ ಅಥವಾ ಅಮ್ಮನ ಕಿಡ್ನಿ ಕೊಡುವಾಗ ಆ ಮಗುವಿನ ಕೆಳಹೊಟ್ಟೆಯಲ್ಲಿ ಅದು ಹಿಡಿಸುವುದಿಲ್ಲ. ಇಲಿಯಾಕ್ ನಾಳಗಳೂ ದಾರದಷ್ಟು ಸಣ್ಣ. ಆಗ ಕಿಡ್ನಿಯನ್ನು ಇನ್ನೂ ಮೇಲೆ, ಕರುಳುಗಳ ಹಿಂದೆ ಬಲಗಡೆಗೆ ಕೂರಿಸಿ, ನೇರವಾಗಿ ಮಹಾಪಧಮನಿ ಮತ್ತು ದೊಡ್ಡ ಅಭಿಧಮನಿಗೇ ಹೊಲಿಯುವುದು ರೂಢಿಯಲ್ಲಿದೆ. ದೊಡ್ಡವರ ಕಿಡ್ನಿ ತುಂಬಿಕೊಳ್ಳುವ ರಕ್ತ ಮಗುವಿನ ಮೈಯ ಲೆಕ್ಕದಲ್ಲಿ ಬಹಳ ಹೆಚ್ಚು. ಆದ್ದರಿಂದ ಚಿಮುಟ ಬಿಡಿಸುವ ಮೊದಲೇ ಸಾಕಷ್ಟು ದ್ರವ ಕೊಟ್ಟು ಪುಟ್ಟ ಹೃದಯವನ್ನು ಸಜ್ಜುಗೊಳಿಸಬೇಕು.

ಹುಟ್ಟಿದ ಹೊಸತರಲ್ಲಿ ಹೊಕ್ಕುಳ ಮೂಲಕ ನಳಿಕೆ ಹಾಕಿಸಿಕೊಂಡ ಕೆಲವು ಮಕ್ಕಳಲ್ಲಿ ಆ ದೊಡ್ಡ ಅಭಿಧಮನಿಯ ಕೆಳಭಾಗವೇ ಹೆಪ್ಪುಗಟ್ಟಿ ಮುಚ್ಚಿರುವುದುಂಟು. ಅಂಥವರಲ್ಲಿಯೂ ಎಡ ಕಿಡ್ನಿಯ ಅಭಿಧಮನಿ ತೆರೆದಿದ್ದರೆ ಕಸಿಯ ಆಸೆ ಉಳಿಯುತ್ತದೆ. ದೊಡ್ಡವರಿಗಾಗಿ ಕಂಡುಕೊಂಡ ದಾರಿ ಮಕ್ಕಳಿಗೂ ನೆರವಾದದ್ದು ಹೀಗೆ.

ನಾಳಗಳ ಜೋಪಾನ

ಪರ್ಯಾಯ ದಾರಿ ಇದೆಯೆಂದು ಮುಖ್ಯರಸ್ತೆಯನ್ನು ಹಾಳುಮಾಡಿಕೊಳ್ಳಬೇಕಾಗಿಲ್ಲ. ಕಿಡ್ನಿ ಸೋಲುತ್ತಿದೆ ಎಂದು ತಿಳಿದ ದಿನದಿಂದಲೇ ರಕ್ತನಾಳಗಳನ್ನು ಮನೆಯ ಆಸ್ತಿಯಂತೆ ಕಾಪಾಡಿಕೊಳ್ಳುವುದು ಜಾಣತನ.

1966ರಲ್ಲಿ ನ್ಯೂಯಾರ್ಕಿನ ಬ್ರೆಸಿಯಾ, ಚಿಮಿನೋ ಮತ್ತು ಸಂಗಡಿಗರು ಮುಂಗೈಯಲ್ಲಿ ಅಪಧಮನಿಯನ್ನೂ ಅಭಿಧಮನಿಯನ್ನೂ ಜೋಡಿಸಿ 'ಫಿಸ್ಟುಲಾ' ಮಾಡುವ ಕ್ರಮವನ್ನು ಪ್ರಕಟಿಸಿದರು. ಡಯಾಲಿಸಿಸ್‌ಗೆ ಇದಕ್ಕಿಂತ ಒಳ್ಳೆಯ ಬಾಗಿಲು ಮತ್ತೊಂದಿಲ್ಲ. ಆದರೆ ಅದು ಹದವಾಗಲು ವಾರಗಳು ಬೇಕು. ಮೊದಲೇ ಮಾಡಿಸಿಕೊಂಡರೆ ತುರ್ತಿನಲ್ಲಿ ತೊಡೆಸಂದಿಗೆ ನಳಿಕೆ ಹಾಕಿಸಿಕೊಳ್ಳುವ ಪ್ರಮೇಯ ತಪ್ಪುತ್ತದೆ. 'ಡಯಾಲಿಸಿಸ್ ಎಂದರೆ ಭಯ, ಆಮೇಲೆ ನೋಡೋಣ' ಎಂದು ಮುಂದೂಡುವವರು ಮುಂದಿನ ಕಸಿಯ ದಾರಿಯನ್ನೂ ಇಕ್ಕಟ್ಟು ಮಾಡಿಕೊಳ್ಳುತ್ತಾರೆ. ಫಿಸ್ಟುಲಾಗೆಂದು ಉಳಿಸಿಕೊಂಡ ಕೈಯಿಂದ ರಕ್ತ ತೆಗೆಸಬಾರದು, ಅದಕ್ಕೆ ಗ್ಲೂಕೋಸ್ ಹಾಕಿಸಬಾರದು. ಇದನ್ನು ರೋಗಿಯೇ ನೆನಪಿಟ್ಟು ಹೇಳಬೇಕಾಗುತ್ತದೆ.

ಬೀಡಿ, ಸಿಗರೇಟು, ಹೊಗೆಸೊಪ್ಪು ಬಿಡಲೇಬೇಕು. ಸಕ್ಕರೆ ಕಾಯಿಲೆ, ಏರೊತ್ತಡ ಹತೋಟಿಯಲ್ಲಿರಬೇಕು. ರಂಜಕ ಕಡಿಮೆ ಮಾಡಲೆಂದು ಊಟದ ಜೊತೆ ನುಂಗಲು ಕೊಡುವ ಗುಳಿಗೆಗಳನ್ನು ಹಲವರು ಅಸಡ್ಡೆ ಮಾಡುತ್ತಾರೆ, ಏಕೆಂದರೆ ಅವನ್ನು ಬಿಟ್ಟರೆ ಆ ಕ್ಷಣಕ್ಕೆ ನೋವೇನೂ ಕಾಣುವುದಿಲ್ಲ. ಆದರೆ ನಾಳದ ಗೋಡೆಯಲ್ಲಿ ಸುಣ್ಣ ಕೂರುವುದು ಸದ್ದಿಲ್ಲದೆ. ಅಪ್ಪನೋ ಅಜ್ಜಿಯೋ ಡಯಾಲಿಸಿಸ್‌ಗೆ ಹೋಗುವ ಮನೆಗಳಲ್ಲಿ ಓದುವ ಮಕ್ಕಳು ಈ ಗುಳಿಗೆಗಳ ಲೆಕ್ಕ ಇಟ್ಟುಕೊಳ್ಳುವ ಕೆಲಸವನ್ನು ವಹಿಸಿಕೊಳ್ಳಬಹುದು.

ಕೇಳಬೇಕಾದ ಪ್ರಶ್ನೆ

'ಕಸಿ ಆಗುವುದಿಲ್ಲ' ಎಂಬ ಮಾತಿನ ಹಿಂದೆ ಬೇರೆ ಬೇರೆ ಕಾರಣಗಳಿರುತ್ತವೆ. ಹೃದಯ ದುರ್ಬಲವಾಗಿರಬಹುದು, ಸೋಂಕು ಇರಬಹುದು, ಕ್ಯಾನ್ಸರ್ ಇರಬಹುದು. ಅವುಗಳಿಗೆ ಜಾಗ ಬದಲಿಸುವುದರಿಂದ ಪರಿಹಾರವಿಲ್ಲ. ಆದರೆ ಕಾರಣ ಕೆಳಹೊಟ್ಟೆಯ ರಕ್ತನಾಳ ಮಾತ್ರವಾಗಿದ್ದರೆ, ಮನೆಯವರು ಇನ್ನೊಂದು ಪ್ರಶ್ನೆ ಕೇಳಬೇಕು: 'ಡಾಕ್ಟರೇ, ಬೇರೆ ಜಾಗದಲ್ಲಿ ಆಗುತ್ತದೆಯೇ? ಎಡ ಕಿಡ್ನಿಯ ಜಾಗವನ್ನು ಪರೀಕ್ಷಿಸಿದ್ದೀರಾ? ಇದರಲ್ಲಿ ಪಳಗಿದವರು ಎಲ್ಲಿದ್ದಾರೆ?' ಈ ಮಾತು ವೈದ್ಯರ ಮೇಲಿನ ಅಪನಂಬಿಕೆಯಲ್ಲ. ಅಪರೂಪದ ಶಸ್ತ್ರಕ್ರಿಯೆಯನ್ನು ಎಲ್ಲ ಆಸ್ಪತ್ರೆಗಳಲ್ಲೂ ಮಾಡುವುದಿಲ್ಲ, ಮಾಡಲೂಬಾರದು. ಗೊತ್ತಿದ್ದವರ ಹತ್ತಿರ ಕಳಿಸುವುದು ಒಳ್ಳೆಯ ವೈದ್ಯರ ಲಕ್ಷಣವೇ. ಉತ್ತರ ಕೊನೆಗೂ 'ಇಲ್ಲ' ಎಂದೇ ಬರಬಹುದು. ಆಗಲೂ ಕೇಳಿ ತಿಳಿದ 'ಇಲ್ಲ'ಕ್ಕೂ ಕೇಳದೆ ಒಪ್ಪಿಕೊಂಡ 'ಇಲ್ಲ'ಕ್ಕೂ ವ್ಯತ್ಯಾಸವಿದೆ.

ವೈದ್ಯರಾಗಬೇಕೆಂದು ಹಂಬಲಿಸುವ ವಿದ್ಯಾರ್ಥಿಗಳಿಗೂ ಇಲ್ಲಿ ಒಂದು ಮಾತಿದೆ. ಗುಲ್ಮದ ಅಪಧಮನಿ ಸುತ್ತಿಕೊಂಡು ಹರಿಯುತ್ತದೆ, ಗುಲ್ಮಕ್ಕೆ ಜಠರದ ಕಡೆಯಿಂದಲೂ ರಕ್ತ ಬರುತ್ತದೆ, ಎಡ ಕಿಡ್ನಿಯ ಅಭಿಧಮನಿ ಬಲಗಡೆಯದಕ್ಕಿಂತ ಉದ್ದ. ಈ ಮೂರೂ ಸಂಗತಿಗಳನ್ನು ವೈದ್ಯಕೀಯ ಓದಿದವರೆಲ್ಲ ಪರೀಕ್ಷೆಗಾಗಿ ಉರುಹೊಡೆದಿರುತ್ತಾರೆ. ಅವನ್ನು ಒಟ್ಟಿಗೆ ಇಟ್ಟು ನೋಡಿದ್ದರಿಂದ, ಬಿಟ್ಟುಹೋದ ಹಳೆಯ ಜಾಗವನ್ನು ಮತ್ತೆ ಪರೀಕ್ಷಿಸಿದ್ದರಿಂದ, ಬಾರ್ಸಿಲೋನಾದ ಇನ್ನೂರಕ್ಕೂ ಹೆಚ್ಚು ರೋಗಿಗಳಿಗೆ ಕಸಿ ಸಾಧ್ಯವಾಯಿತು. ಪಾಠದ ಚಿತ್ರಗಳನ್ನು ಅಂಕಕ್ಕಾಗಿ ಬರೆಯಿರಿ, ತಪ್ಪಿಲ್ಲ. ಬರೆದ ಮೇಲೆ ಒಂದು ಗಳಿಗೆ ನಿಂತು, ಇದು ಹೀಗೆಯೇ ಏಕಿದೆ, ಬೇರೆ ರೀತಿ ಇರಬಹುದಿತ್ತೇ ಎಂದೂ ಯೋಚಿಸಿ.